ಭಾನುವಾರದ ರೇಸಿಗೆ ಮುಂಚೆ ಬೋಟ್ ಚೆಕ್ ಮಾಡ್ಕೊಳ್ಳಿ

ಎಲ್ರಿಗೂ ನಮಸ್ಕಾರ, ಇಲ್ಕಾ ಬೋಟ್ (ಮೊದಲು ಲೇಸರ್ ಅಂತಿದ್ದ, ಒಬ್ರೇ ನಡೆಸೋ ಚಿಕ್ಕ ಹಾಯಿದೋಣಿ) ಇರೋರೆಲ್ಲ ಶನಿವಾರ ಸಂಜೆನೇ ಬನ್ನಿ. ಮುಖ್ಯವಾಗಿ ಮಾಸ್ಟ್ (ಹಾಯಿ ಕಟ್ಟೋ ಕಂಬ) ಕೂರೋ ಗುಂಡಿ ನೋಡಿ, ಅದರ ತುಂಬ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ, ಮಟ್ಟ ಇಳೀತು ಅಂದ್ರೆ ಒಳಗೆ ಸೋರ್ತಿದೆ ಅಂತ, ಅಂಥ ಬೋಟ್ ದಯವಿಟ್ಟು ಇಳಿಸ್ಬೇಡಿ, ಜೋರು ಗಾಳೀಲಿ ಮಾಸ್ಟು ಡೆಕ್ಕನ್ನೇ ಕಿತ್ಕೊಂಡು ಬರಬಹುದು. ಅಲ್ಲಿ ಮರಳು ಸೇರಿದ್ರೆ ಸವೀತಾ ಹೋಗತ್ತೆ, ಪ್ರತಿ ಸಲ ತೊಳೀರಿ.

ಬಗ್ಗಿಹೋದ ಮಾಸ್ಟು, ಪ್ರಾಕ್ಟೀಸಿಗೆ ತಗೊಂಡ ರೆಪ್ಲಿಕಾ ಸೈಲ್ (ಅಧಿಕೃತವಲ್ಲದ ನಕಲು ಹಾಯಿ) ಎರಡೂ ಕ್ಲಾಸ್ ರೂಲ್ (ಈ ಥರದ ಬೋಟಿಗಿರೋ ನಿಯಮ) ಪ್ರಕಾರ ರೇಸಿಗೆ ನಡೆಯಲ್ಲ, ಎಲ್ರ ಬೋಟೂ ಒಂದೇ ಥರ ಇರೋದೇ ಈ ಕ್ಲಾಸಿನ ಜೀವ ಅಲ್ವಾ.

ಸೈಲ್ ಮಡಚ್ಬೇಡಿ, ಸುತ್ತಿಡಿ. ದಡಕ್ಕೆ ಬಂದ್ಮೇಲೆ ಬಂಗ್ (ನೀರು ಹೋಗೋ ತೂತಿನ ಬಿರಡೆ) ಬಿಚ್ಚಿ ನೀರು ಇಳಿಸಿ. ಇಲ್ಕಾ ಕ್ಲಾಸ್ ಅಸೋಸಿಯೇಶನ್ ಮೆಂಬರ್‌ಶಿಪ್ ರಿನ್ಯೂ ಮಾಡ್ದೆ ಇರೋರು ಇವತ್ತೇ ಮಾಡ್ಬಿಡಿ.