ಮರಿಯಳ ಬಾಯಲ್ಲಿ ಅಷ್ಟು ಮಾತು ಬೇಡ: ಕಥೆ ಬರೆಯುತ್ತಿರುವ ತಂಗಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಕಥೆ ಕೈಸೇರಿ ಹತ್ತು ದಿನವಾಯಿತು. ಎರಡು ಸಲ ಓದಿದೆ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಬಗ್ಗೆ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ನನಗೆ ಖುಷಿ. ಬೆಳಗಿನ ಜಾವ, ಸುಗಂಧದ್ರವ್ಯ ಹಿಡಿದು ಯೇಸುವಿನ ಸಮಾಧಿ ಕಡೆ ನಡೆಯುವ ಹೆಂಗಸರು, ಬಾಗಿಲಿನ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಅನ್ನುವ ಅವರ ಚಿಂತೆ, ಇದೆಲ್ಲ ಚೆನ್ನಾಗಿ ಬಂದಿದೆ. ಕಲ್ಲಿನ ಆ ಮಾತು ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಲ್ಲಿದೆ. ಬಹಳ ಜನ ಓದಿ ಮುಂದೆ ಹೋಗುವ ಸಾಲು ಅದು. ನೀನು ಅಲ್ಲಿ ನಿಂತೆ.

ಆದರೆ ಐದನೇ ಪುಟಕ್ಕೆ ಬಂದಾಗ ನಾನು ನಿಂತುಬಿಟ್ಟೆ. ಅಲ್ಲಿ ಮರಿಯಳು ತನ್ನ ಹಳೆಯ ಪಾಪದ ಬದುಕನ್ನು ನೆನೆದು ಅಳುತ್ತಾಳೆ. ಯೇಸುವಿನ ಪಾದವನ್ನು ಕಣ್ಣೀರಿನಿಂದ ತೊಳೆದು ಕೂದಲಿನಿಂದ ಒರೆಸಿದ್ದು ಅವಳಿಗೆ ನೆನಪಾಗುತ್ತದೆ. ತಂಗಿ, ಅದು ಅವಳಲ್ಲ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ಬರೆಯಲು ಶುರುಮಾಡಿದ ಹೊಸತರಲ್ಲಿ ಒಂದು ಈಸ್ಟರ್ ಸಂಚಿಕೆಗೆ ಲೇಖನ ಬರೆದು, ಅದರಲ್ಲಿ ಅವಳನ್ನು ವೇಶ್ಯೆ ಎಂದಿದ್ದೆ. ವಾರದೊಳಗೆ ಪೋಸ್ಟ್‌ಕಾರ್ಡ್ ಬಂತು. ಬರೆದವರು ನಿವೃತ್ತ ಶಿಕ್ಷಕಿ. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: "ಯಾವ ಅಧ್ಯಾಯದಲ್ಲಿದೆ?" ರಾತ್ರಿ ಕೂತು ನಾಲ್ಕೂ ಸುವಾರ್ತೆ ತಿರುವಿಹಾಕಿದೆ. ಎಲ್ಲೂ ಇಲ್ಲ. ಅವತ್ತು ನಿದ್ದೆ ಬರಲಿಲ್ಲ.

ಲೂಕನ 7ನೇ ಅಧ್ಯಾಯದಲ್ಲಿ ಪಾದ ತೊಳೆಯುವ ಹೆಂಗಸಿಗೆ ಹೆಸರೇ ಇಲ್ಲ. ಮುಂದಿನ ಅಧ್ಯಾಯದ ಶುರುವಿನಲ್ಲಿ ಮರಿಯಳು ಬರುತ್ತಾಳೆ, ಏಳು ದೆವ್ವ ಬಿಟ್ಟುಹೋದವಳು ಎಂದು. ಯೋಹಾನನಲ್ಲಿ ಸುಗಂಧತೈಲ ಹಚ್ಚಿ ಪಾದ ಒರೆಸುವವಳು ಬೇಥಾನ್ಯದ ಮರಿಯಳು, ಮಾರ್ಥಳ ಒಡಹುಟ್ಟಿದವಳು. 591ರಲ್ಲಿ ಪೋಪ್ ಮೊದಲನೇ ಗ್ರೆಗರಿ ರೋಮ್‌ನಲ್ಲಿ ಮಾಡಿದ ಒಂದು ಪ್ರಸಂಗದಲ್ಲಿ ಈ ಮೂವರನ್ನೂ ಒಬ್ಬಳೇ ಎಂದರು. ಪಶ್ಚಿಮದ ಕ್ರೈಸ್ತ ಸಭೆ ಅದನ್ನೇ ಹಿಡಿದುಕೊಂಡಿತು. ಚಿತ್ರಕಾರರು ನೂರಾರು ವರ್ಷ ಅದನ್ನೇ ಬರೆದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮಾತ್ರ ಅವರನ್ನು ಬೇರೆ ಬೇರೆಯಾಗಿಯೇ ನೆನೆದವು. ಕಥೋಲಿಕ ಸಭೆ 1969ರಲ್ಲಿ ಹಬ್ಬಗಳ ಪಟ್ಟಿ ಪರಿಷ್ಕರಿಸಿದಾಗ ಈ ಗೊಂದಲವನ್ನು ಬಿಟ್ಟಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವಳ ದಿನವನ್ನು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿದರು. ಯೇಸು ಎದ್ದುಬಂದ ಸುದ್ದಿ ತಂದವಳನ್ನು ಇಷ್ಟು ಕಾಲ ಕ್ಷಮೆ ಕೇಳುವವಳನ್ನಾಗಿ ಕೂರಿಸಿದ್ದೆವು. ನಿನ್ನ ಕಥೆಯಲ್ಲಿ ಅವಳು ಮತ್ತೆ ಅಲ್ಲೇ ಕೂತರೆ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಅವಳು ಯಾರು? ಲೂಕ ಹೇಳುವುದು ಇಷ್ಟು. ಮರಿಯಳು, ಹೆರೋದನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು, ಇನ್ನೂ ಅನೇಕ ಹೆಂಗಸರು ಊರೂರು ಯೇಸುವಿನ ಜೊತೆಗೆ ತಿರುಗಿದರು. ತಮ್ಮ ಸ್ವಂತ ದುಡ್ಡು ಹಾಕಿ ಆ ಗುಂಪನ್ನು ಸಾಕಿದರು. ನೋಡು, ಇಲ್ಲಿ ಎಷ್ಟು ಕಥೆ ಇದೆ! ಹೆರೋದನ ಅರಮನೆಯ ಸಂಬಳದ ಹಣ ಯೇಸುವಿನ ಗುಂಪಿನ ರೊಟ್ಟಿಗೆ ಹೋಗಿರಬಹುದು. ಆ ಹೆಂಗಸರ ಕೈಯಲ್ಲಿದ್ದ ಹಣದ ಚೀಲದ ಬಗ್ಗೆ ಬರೆ. ಕೂದಲಿನ ವರ್ಣನೆ ಬಿಡು.

ಇನ್ನೊಂದು ಮಾತು. ಸಮಾಧಿಗೆ ಎಷ್ಟು ಹೆಂಗಸರು ಹೋದರು ಅನ್ನುವುದರಲ್ಲಿ ನಾಲ್ಕು ಸುವಾರ್ತೆ ಒಂದೇ ಥರ ಇಲ್ಲ. ಮಾರ್ಕನಲ್ಲಿ ಮೂವರು. ಮತ್ತಾಯನಲ್ಲಿ ಇಬ್ಬರು. ಲೂಕನಲ್ಲಿ ಇನ್ನೂ ಜಾಸ್ತಿ. ಯೋಹಾನನಲ್ಲಿ ಮರಿಯಳು ಒಬ್ಬಳೇ, ಆದರೂ ಅವಳ ಬಾಯಲ್ಲಿ "ಎಲ್ಲಿಟ್ಟರೋ ನಮಗೆ ಗೊತ್ತಿಲ್ಲ" ಎಂದು ಬಹುವಚನ. ನೀನು ಇದನ್ನೆಲ್ಲ ಸರಿಮಾಡಿ, ಎಲ್ಲರನ್ನೂ ಸೇರಿಸಿ ಒಂದು ಮೆರವಣಿಗೆ ಮಾಡಿದ್ದೀಯ. ಹಾಗೆ ಮಾಡಬೇಡ. ಕಣ್ಣಾರೆ ಕಂಡ ಜನ ಹೇಳುವಾಗ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ. ನಾಲ್ವರೂ ಬಿಡದೆ ಹೇಳುವ ಹೆಸರು ಮಾತ್ರ ಮಗ್ದಲದ ಮರಿಯಳದು. ನನಗೆ ಅದು ಸಾಕು.

ನಿನ್ನ ಏಳನೇ ಪುಟದಲ್ಲಿ ಅವಳು ಶಿಷ್ಯರ ಮುಂದೆ ನಿಂತು ಒಂದೂವರೆ ಪುಟ ಮಾತಾಡುತ್ತಾಳೆ. ಪ್ರೀತಿ, ಸಾವು, ಬೆಳಕು, ಎಲ್ಲ ಬಂದುಹೋಗುತ್ತದೆ. ಎಲ್ಲರೂ ತಲೆಬಾಗುತ್ತಾರೆ. ಯೋಹಾನನಲ್ಲಿ ಅವಳು ಹೇಳುವುದು "ನಾನು ಪ್ರಭುವನ್ನು ಕಂಡೆ" ಎಂದು. ಯೇಸು ಹೇಳಿಕಳಿಸಿದ್ದನ್ನು ತಿಳಿಸುತ್ತಾಳೆ. ಅಷ್ಟೇ. ತಲೆಬಾಗುವುದಂತೂ ಎಲ್ಲೂ ಇಲ್ಲ. ಲೂಕನಲ್ಲಿ ಹೆಂಗಸರು ಬಂದು ಹೇಳಿದಾಗ ಅಪೊಸ್ತಲರಿಗೆ ಅದು ಬರೀ ಹರಟೆ ಅನ್ನಿಸುತ್ತದೆ. ಮಾರ್ಕನ ಹಳೆಯ ಹಸ್ತಪ್ರತಿಗಳಲ್ಲಿ ಹೆಂಗಸರು ನಡುಗುತ್ತಾ ಓಡಿಹೋಗಿ, ಹೆದರಿ, ಯಾರಿಗೂ ಏನೂ ಹೇಳದಿರುವಲ್ಲಿಗೇ ಸುವಾರ್ತೆ ಮುಗಿಯುತ್ತದೆ. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದು ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ. ಎರಡನೇ ಶತಮಾನದಲ್ಲಿ ಕೆಲ್ಸಸ್ ಎಂಬ ಟೀಕಾಕಾರ, ಇದನ್ನೆಲ್ಲ ಕಂಡದ್ದು ಒಬ್ಬ ಹುಚ್ಚುಹಿಡಿದ ಹೆಂಗಸು ಎಂದು ಹಂಗಿಸಿದ. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆಯುವಾಗ, ಎದ್ದುಬಂದ ಕ್ರಿಸ್ತ ಯಾರ‍್ಯಾರಿಗೆ ಕಾಣಿಸಿಕೊಂಡ ಎಂದು ಪಟ್ಟಿ ಕೊಡುತ್ತಾನೆ. ಅದರಲ್ಲಿ ಮರಿಯಳ ಹೆಸರಿಲ್ಲ. ಇಷ್ಟೆಲ್ಲದರ ನಡುವೆ ಸುವಾರ್ತೆ ಬರೆದವರು ಅವಳ ಹೆಸರನ್ನು ಉಳಿಸಿದರಲ್ಲ! ಸುಮ್ನೆ ಕಟ್ಟಿದ ಕಥೆಯಾಗಿದ್ದರೆ, ಯಾರೂ ನಂಬದ ಸಾಕ್ಷಿಯನ್ನು ಮುಂದೆ ನಿಲ್ಲಿಸುತ್ತಿದ್ದರಾ? ಈ ಮಾತು ನನ್ನ ನಂಬಿಕೆಗೆ ಎಷ್ಟೋ ಸಲ ಆಸರೆಯಾಗಿದೆ. ಆದ್ದರಿಂದ ಶಿಷ್ಯರು ಅವಳನ್ನು ನಂಬದಿರಲಿ. ಅವಳು ಹೇಳಿ ಮುಗಿಸಿದ ಮೇಲೆ ಆ ಕೋಣೆ ಹೇಗಿತ್ತು, ಯಾರು ಮುಖ ತಿರುಗಿಸಿದರು, ಅದನ್ನು ಬರೆ.

ತೋಟದ ದೃಶ್ಯದಲ್ಲೂ ಮಾತು ಕಡಿಮೆ ಮಾಡು. ಅವಳು ಎದ್ದುಬಂದ ಯೇಸುವನ್ನು ತೋಟಗಾರ ಅಂದುಕೊಳ್ಳುತ್ತಾಳೆ. ಹೆಣವನ್ನು ನೀನು ಒಯ್ದಿದ್ದರೆ ಎಲ್ಲಿಟ್ಟಿದ್ದೀ ಹೇಳಪ್ಪ, ನಾನು ತೆಗೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ಒಬ್ಬಳೇ ಹೆಂಗಸು ಒಬ್ಬ ಗಂಡಸಿನ ಹೆಣ ಹೇಗೆ ಹೊರುತ್ತಾಳೆ? ದುಃಖದಲ್ಲಿ ಇರುವವರಿಗೆ ಆ ಲೆಕ್ಕ ಹೊಳೆಯುವುದಿಲ್ಲ. ನನ್ನ ತಾಯಿ ತೀರಿಕೊಂಡಾಗ ನಾನೂ ಇಂಥದೇ ಮಾತಾಡಿದ್ದೆನಂತೆ. ಆಮೇಲೆ ಅವನು "ಮರಿಯಾ" ಅನ್ನುತ್ತಾನೆ. ಅವಳು "ರಬ್ಬೂನಿ", ಅಂದರೆ ಗುರುವೇ, ಅನ್ನುತ್ತಾಳೆ. ನೀನು ಅಲ್ಲಿ ಆಕಾಶ ಬಿರಿಯಿತು, ಹಕ್ಕಿಗಳು ಹಾಡಿದವು ಎಂದೆಲ್ಲ ಬರೆದಿದ್ದೀಯ. ಹೆಸರು ಹಿಡಿದು ಕರೆದದ್ದಕ್ಕಿಂತ ದೊಡ್ಡದು ಅಲ್ಲಿ ಏನೂ ಇಲ್ಲ, ಅಲ್ವಾ?

ಮುಂದೆ ಯಾರ ಬಗ್ಗೆ ಬರೆಯಲಿ ಎಂದು ಕೇಳಿದ್ದೀಯ. ಫೊಯಿಬೆ ಇದ್ದಾಳೆ. ಕೊರಿಂಥದ ಪಕ್ಕದ ಬಂದರು ಕೆಂಖ್ರೆಯ ಸಭೆಯ ಸೇವಕಿ. ಪೌಲ ತನಗೇ ಬಳಸಿಕೊಳ್ಳುವ 'ಡಿಯಾಕೊನೊಸ್' ಎಂಬ ಗ್ರೀಕ್ ಪದವನ್ನು ಅವಳಿಗೂ ಬಳಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರವನ್ನು ಕಡಲು ದಾಟಿ ಒಯ್ದವಳು ಅವಳೇ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಫೊಯಿಬೆಯ ಹೆಸರಿರುವ ಆ ಪತ್ರದ ಕೊನೆಯ ಅಧ್ಯಾಯದಲ್ಲೇ ಯೂನ್ಯಳೂ ಇದ್ದಾಳೆ, ಅಪೊಸ್ತಲರಲ್ಲಿ ಹೆಸರಾದವಳು. ನಾಲ್ಕನೇ ಶತಮಾನದಲ್ಲಿ ಹುಟ್ಟಿದ ಬೋಧಕ ಯೋಹಾನ ಕ್ರಿಸೊಸ್ತೊಮ್ ಅವಳನ್ನು ಹೆಂಗಸೆಂದೇ ತಿಳಿದು ಹೊಗಳಿದ. ಆಮೇಲಿನವರು ಅಪೊಸ್ತಲಳು ಹೆಂಗಸಾಗಿರಲಾರಳು ಎಂದು ಅವಳನ್ನು ಗಂಡಸು ಮಾಡಿದರು. ಗ್ರೀಕಿನಲ್ಲಿ ಅದು ಉಚ್ಚಾರದ ಒತ್ತು ತೋರಿಸುವ ಒಂದು ಚಿಹ್ನೆಯ ಮಾತು. ಕನ್ನಡದಲ್ಲಿ ಬರೆಯುವ ನಮಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಯೂನ್ಯನಿಗೆ ಅನ್ನಬೇಕು, ಇಲ್ಲವೇ ಯೂನ್ಯಳಿಗೆ ಅನ್ನಬೇಕು. ಒಂದು 'ನ', ಒಂದು 'ಳ'. ಆ ಅಕ್ಷರ ಬರೆಯುವಾಗ ಎಚ್ಚರವಾಗಿರು.

ಹೆಸರೇ ಉಳಿಯದವರೂ ಇದ್ದಾರೆ. ಸುಮಾರು 112ರಲ್ಲಿ ಇಂದಿನ ಟರ್ಕಿಯಲ್ಲಿದ್ದ ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಸಭೆಯಲ್ಲಿ ಸೇವಕಿಯರೆಂದು ಕರೆಸಿಕೊಳ್ಳುತ್ತಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದೆ, ಕೆಟ್ಟ ಮೂಢನಂಬಿಕೆ ಬಿಟ್ಟರೆ ಏನೂ ಸಿಗಲಿಲ್ಲ ಎಂದು. ಹಿಂಸಿಸಿದವನ ಹೆಸರು ನಮಗೆ ಗೊತ್ತು. ಅವರದು ಗೊತ್ತಿಲ್ಲ.

ಆದರೆ ನೀನು ಮೊದಲು ಓದಬೇಕಾದವಳು ಪೆರ್ಪೆತುವಾ. 203, ಉತ್ತರ ಆಫ್ರಿಕಾದ ಕಾರ್ಥೇಜ್. ಸುಮಾರು 22 ವರ್ಷ, ಎದೆಹಾಲು ಕುಡಿಯುವ ಮಗು. ಕ್ರೈಸ್ತಳೆಂಬ ಕಾರಣಕ್ಕೆ ಹಾಕಿದ ಸೆರೆಮನೆಯಲ್ಲಿ ಕೂತು ತನ್ನ ಕೈಯಾರೆ ಬರೆದಳು. ನಂಬಿಕೆ ಬಿಡು ಎಂದು ಅಪ್ಪ ಬೇಡುತ್ತಾನೆ. ಅವಳು ಅಲ್ಲಿದ್ದ ಹೂಜಿ ತೋರಿಸಿ, ಇದನ್ನು ಬೇರೆ ಹೆಸರಿನಿಂದ ಕರೆಯಬಹುದಾ ಎಂದು ಕೇಳುತ್ತಾಳೆ. ಆಗಲ್ಲ ಅನ್ನುತ್ತಾನೆ. ಹಾಗೆಯೇ ನನ್ನನ್ನೂ ಕ್ರೈಸ್ತಳು ಅಂತಲ್ಲದೆ ಬೇರೆ ಹೇಳಲಾಗದು ಅನ್ನುತ್ತಾಳೆ. ಸೆರೆಯ ಕತ್ತಲು, ಸೆಕೆ, ಮಗುವಿನ ಹಸಿವು, ಅಪ್ಪನ ನರೆಗೂದಲು ನೋಡಿ ಆಗುವ ಸಂಕಟ, ಎಲ್ಲ ಬರೆದಿದ್ದಾಳೆ. ಮಗುವನ್ನು ತನ್ನ ಬಳಿ ಇಟ್ಟುಕೊಳ್ಳಲು ಬಿಟ್ಟಾಗ ಸೆರೆಮನೆ ಅರಮನೆಯಂತಾಯಿತು ಎಂದು ಬರೆದಿದ್ದಾಳೆ. ನಾವು ಕನ್ನಡದಲ್ಲಿ ಇಂಥವರನ್ನು ರಕ್ತಸಾಕ್ಷಿ ಅನ್ನುತ್ತೇವೆ. ಆ ಪದದಲ್ಲಿ ರಕ್ತ ಎಲ್ಲರಿಗೂ ಕಾಣುತ್ತದೆ. ನೀನು ಸಾಕ್ಷಿಯನ್ನು ನೋಡು.

ಮರಣದಂಡನೆಯಾಗಿ ಕಾಡುಪ್ರಾಣಿಗಳ ಮುಂದೆ ಬಿಡುವ ಹಿಂದಿನ ದಿನ ಅವಳ ಬರಹ ನಿಲ್ಲುತ್ತದೆ. ಇವತ್ತಿನವರೆಗಿನದನ್ನು ನಾನು ಬರೆದಿದ್ದೇನೆ, ನಾಳೆ ನಡೆಯುವುದನ್ನು ಬರೆಯಬೇಕು ಅನ್ನಿಸಿದವರು ಬರೆಯಲಿ ಎನ್ನುವ ಅರ್ಥದ ಮಾತು ಹೇಳಿ ಮುಗಿಸುತ್ತಾಳೆ. ಹೆಸರು ಹೇಳದ ಇನ್ಯಾರೋ ಮುಂದಿನದನ್ನು ಬರೆದರು.

ಐದನೇ ಪುಟ ಪೂರ್ತಿ ತೆಗೆ. ಏಳನೆಯದರಲ್ಲಿ ಒಂದು ಸಾಲು ಉಳಿಸು. ಜುಲೈ 22ರೊಳಗೆ ಮತ್ತೆ ಬರೆದು ಕಳಿಸು, ಆ ದಿನ ಅವಳ ಹಬ್ಬ. ನಾನು ಕಾಯುತ್ತಿರುತ್ತೇನೆ.

ನಿನ್ನ ಅಕ್ಕ