ಫೋಟೋದಲ್ಲಿ ತಂತಿ ಇದೆ ಸಾರ್, ಆ ವಿಮಾನಕ್ಕೆ ತಂತೀನೇ ಇರ್ಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಸ್ಪಿಟ್‌ಫೈರ್ (ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ) ಬಗ್ಗೆ ಬಂದ ಲೇಖನ ಓದ್ದೆ, ಚೆನ್ನಾಗೇ ಇತ್ತು. ಆದ್ರೆ ಮಧ್ಯದಲ್ಲಿ ಒಂದು ಫೋಟೋ ಹಾಕಿ ಕೆಳಗೆ 'ಸೂಪರ್‌ಮರೀನ್ ಎಸ್.4, 1925' ಅಂತ ಬರ್ದಿದ್ದೀರಲ್ಲ, ಅದು ಎಸ್.4 ಅಲ್ವೇ ಅಲ್ಲ. ಫ್ಲೋಟಿಂದ (ನೀರಲ್ಲಿ ತೇಲೋಕೆ ವಿಮಾನದ ಕೆಳಗಿರೋ ದೋಣಿ ಥರದ್ದು) ರೆಕ್ಕೆಗೆ, ರೆಕ್ಕೆಯಿಂದ ಬಾಡಿಗೆ ಬಿಗಿದಿರೋ ತಂತಿಗಳು ಎದ್ದು ಕಾಣ್ತಿವೆ, ಅದು ಆಮೇಲೆ ಬಂದ ಎಸ್.6 ಸಾಲಿನ ವಿಮಾನ. ಎಸ್.4ಗೆ ಹೊರಗಡೆ ಒಂದು ತಂತಿನೂ ಇರ್ಲಿಲ್ಲ, ಅದರ ವಿಶೇಷನೇ ಅದು. ಜೊತೆಗೆ ಲೇಖನದಲ್ಲಿ ಅದರ ಬಗ್ಗೆ ಇರೋದು ಒಂದೇ ಸಾಲು, 'ವಿಫಲ ಪ್ರಯತ್ನ' ಅಂತ. ಬೆಂಗಳೂರಲ್ಲಿ ಜೀವಮಾನ ಪೂರ್ತಿ ವಿಮಾನದ ಶೀಟ್ ಮೆಟಲ್ ಕೆಲ್ಸ ಮಾಡಿ ರಿಟೈರ್ ಆದ ನನಗೆ ಆ ಮಾತು ಗಂಟಲಲ್ಲಿ ಇಳೀಲಿಲ್ಲ, ಅದಕ್ಕೇ ಈ ಪತ್ರ.

ಶ್ನೈಡರ್ ಟ್ರೋಫಿ ಅಂತ ಸಮುದ್ರವಿಮಾನಗಳ ರೇಸ್ ನಡೀತಿತ್ತು, ಐದು ವರ್ಷದಲ್ಲಿ ಮೂರು ಸಲ ಗೆದ್ದ ದೇಶಕ್ಕೆ ಕಪ್ ಪರ್ಮನೆಂಟು. 1922ರಲ್ಲಿ ನೇಪಲ್ಸ್‌ನಲ್ಲಿ ಹೆನ್ರಿ ಬಿಯಾರ್ಡ್ ಅನ್ನೋ ಪೈಲಟ್ ಸೂಪರ್‌ಮರೀನ್‌ನ ಸೀ ಲಯನ್ 2 (ಬ್ರಿಟನ್ನಿನ ಕಂಪನಿ ಅದು) ಓಡಿಸಿ ಗೆದ್ದ, ಇಲ್ದಿದ್ರೆ ಇಟಲಿಯವರು ಆವತ್ತೇ ಕಪ್ ಮನೆಗೆ ಒಯ್ದಿರೋರು. ಆ ಸೀ ಲಯನ್ ಅಂದ್ರೆ ದೋಣಿಗೆ ಎರಡಂತಸ್ತಿನ ರೆಕ್ಕೆ ಕಟ್ಟಿ ಮೇಲೆ ಇಂಜಿನ್ ಕೂರಿಸಿದ ಹಾಗೆ ಇತ್ತು. ಮುಂದಿನ ವರ್ಷ ಇಂಗ್ಲೆಂಡಿನ ಕೌಸ್‌ನಲ್ಲಿ ಅಮೆರಿಕದವರು ನುಣುಪಾದ ಕರ್ಟಿಸ್ ವಿಮಾನ ತಂದು ಗಂಟೆಗೆ 177 ಮೈಲಿ ಓಡಿಸಿದ್ರು, ನಮ್ಮ ದೋಣಿ 157ಕ್ಕೇ ಸುಸ್ತಾಯ್ತು (ನಮ್ಮ ದೋಣಿ ಅಂತೀನಿ ನೋಡಿ, ಓದಿ ಓದಿ ಪಕ್ಷ ಹಿಡಿದುಬಿಟ್ಟಿದ್ದೀನಿ).

ಆಗ ಸೂಪರ್‌ಮರೀನ್‌ನ ಡಿಸೈನರ್ ಮಿಚೆಲ್ (ಮುಂದೆ ಸ್ಪಿಟ್‌ಫೈರ್ ಮಾಡಿದೋನೂ ಇವನೇ) ಹಳೇದನ್ನ ತಿದ್ದೋಕೆ ಹೋಗ್ಲಿಲ್ಲ, ಪೂರ್ತಿ ಹೊಸದಾಗೇ ಶುರು ಮಾಡಿದ, ವಯಸ್ಸು ಇನ್ನೂ ಮೂವತ್ತರ ಹತ್ತಿರ. ಅದೇ ಎಸ್.4. ಒಂದೇ ರೆಕ್ಕೆ, ಅದೂ ಈ ತುದಿಯಿಂದ ಆ ತುದಿವರೆಗೆ ಒಂದೇ ಪೀಸ್, ಮರದ ಸ್ಪಾರ್ (ರೆಕ್ಕೆಯೊಳಗಿನ ಉದ್ದನೆ ತೊಲೆ) ಮೇಲೆ ಪ್ಲೈವುಡ್ ಹೊದಿಕೆ, ಗಾಳಿಗೆ ಅಡ್ಡ ಆಗ್ಬಾರ್ದು ಅಂತ ಊರೆಗೋಲೂ ಇಲ್ಲ ತಂತಿನೂ ಇಲ್ಲ. ಬಾಡಿ ಮೂರು ಭಾಗ, ನಡುವಿನದರಲ್ಲಿ ಇಂಗ್ಲಿಷ್ 'ಎ' ಅಕ್ಷರದ ಥರ ಸ್ಟೀಲ್ ಪೈಪಿನ ಎರಡು ಫ್ರೇಮು. ಮುಂದೆ ಇಂಜಿನ್ ಆ ಫ್ರೇಮಿಗೇ, ರೆಕ್ಕೆ ಅದಕ್ಕೇ, ಅದರ ಕಾಲುಗಳೇ ಕೆಳಗಿಳಿದು ಫ್ಲೋಟ್ ಹಿಡ್ಕೊಳೋದು. ಬಲ ಎಲ್ಲಾ ಬಂದು ಒಂದೇ ಕಡೆ ಕೂರ್ಬೇಕು ಅನ್ನೋ ಲೆಕ್ಕ, ಈ ಜಾಣತನ ನನಗೆ ಭಾರಿ ಇಷ್ಟ. ಇಂಜಿನ್ ನೇಪಿಯರ್ ಲಯನ್, ನಾಲ್ಕು ನಾಲ್ಕರ ಹಾಗೆ ಮೂರು ಸಾಲಲ್ಲಿ 12 ಸಿಲಿಂಡರ್, ಸುಮಾರು 700 ಎಚ್‌ಪಿ. ಕಪ್‌ಗೇ ಅಂತ ಮಾಡಿದ ಆ ವಿಮಾನ ಸೌತಾಂಪ್ಟನ್ನಿನ ವೂಲ್‌ಸ್ಟನ್ ಶೆಡ್ಡಲ್ಲಿ ಐದೇ ತಿಂಗಳಲ್ಲಿ ಎದ್ದು ನಿಂತು 1925ರ ಆಗಸ್ಟ್ 24ಕ್ಕೆ ಹಾರ್ತು ಅಂದ್ರೆ ನಂಬೋದು ಕಷ್ಟ, ನಮ್ಮ ಶಾಪ್‌ನಲ್ಲಿ ಒಂದು ಜಿಗ್‌ಗೆ (ಕೆಲ್ಸ ಮಾಡುವಾಗ ಭಾಗಗಳನ್ನ ಹಿಡಿದಿಡೋ ಚೌಕಟ್ಟು) ಸ್ಯಾಂಕ್ಷನ್ ಆಗೋಕೇ ಅಷ್ಟು ದಿನ ಫೈಲು ಮೇಜಿಂದ ಮೇಜಿಗೆ ತಿರುಗ್ತಿತ್ತು. ಸೆಪ್ಟೆಂಬರ್ 13ಕ್ಕೆ ಗಂಟೆಗೆ 226.75 ಮೈಲಿ, ಅಂದ್ರೆ ಹತ್ತತ್ರ 365 ಕಿ.ಮೀ., ಸಮುದ್ರವಿಮಾನಗಳ ವಿಶ್ವದಾಖಲೆ.

ಆಮೇಲೆ ಅಮೆರಿಕದ ಬಾಲ್ಟಿಮೋರ್‌ಗೆ ರೇಸಿಗೆ ಹೋದ್ರು, ಶನಿ ಕಾದಿತ್ತು. ಹಡಗಲ್ಲಿ ಬಿಯಾರ್ಡ್ ಬಿದ್ದು ಮಣಿಕಟ್ಟು ನೋವು ಮಾಡ್ಕೊಂಡ, ಅಲ್ಲಿ ಬಿರುಗಾಳಿಗೆ ಟೆಂಟ್ ಕುಸಿದು ವಿಮಾನದ ಬಾಲ ಜಖಂ ಆಯ್ತು, ಅಕ್ಟೋಬರ್ 23ರ ಟ್ರಯಲ್‌ನಲ್ಲಿ ವಿಮಾನ ಹಿಡಿತ ತಪ್ಪಿ ನೀರಿಗೆ ಬಿತ್ತು. ಬಿಯಾರ್ಡ್ ಬದುಕ್ದ. ರೆಕ್ಕೆ ನಡುಗೋಕೆ ಶುರುವಾಯ್ತು ಅಂದ, ಫ್ಲಟರ್ ಅಂತೀವಲ್ಲ ಅದು, ಆ ಕಾಲಕ್ಕೆ ಅದರ ಲೆಕ್ಕ ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ. ಕೆಲವರು ಸ್ಟಾಲ್ ಅಂದ್ರು, ಅಂದ್ರೆ ರೆಕ್ಕೆಗೆ ಎತ್ತಿ ಹಿಡಿಯೋ ಬಲ ತಪ್ಪೋದು. ಯಾವುದೂ ಖಡಾಖಂಡಿತ ಆಗ್ಲಿಲ್ಲ.

ಈಗ ನಿಮ್ಮ 'ವಿಫಲ'ಕ್ಕೆ ಬರ್ತೀನಿ. ಮಿಚೆಲ್ ಮುಂದಿನ ಎಸ್.5ಗೆ ಹಟ ಬಿಟ್ಟು ತಂತಿ ವಾಪಸ್ ಕಟ್ಟಿದ, ರೆಕ್ಕೆಯನ್ನ ಬಾಡಿಯ ಬುಡಕ್ಕೆ ಇಳಿಸಿದ, ಎಸ್.4ರಲ್ಲಿ ರೆಕ್ಕೆ ಕೆಳಗೆ ನೇತಾಡ್ತಿದ್ದ ರೇಡಿಯೇಟರ್ ತೆಗೆದು ರೆಕ್ಕೆಯ ಮೈಗೇ ಸಪಾಟಾಗಿ ಹಾಸಿದ, ಪೆಟ್ರೋಲ್‌ನ ಬಲಗಡೆ ಫ್ಲೋಟಲ್ಲಿ ತುಂಬಿಸಿ ಇಂಜಿನ್ ತಿರುಚೋ ಜೋರಿಗೆ ತೂಕದಲ್ಲೇ ಉತ್ತರ ಕೊಟ್ಟ. 1927ರಲ್ಲಿ ವೆನಿಸ್‌ನಲ್ಲಿ 281.66 ಮೈಲಿ ಓಡಿ ಗೆದ್ದಿದ್ದು ಅದೇ ಎಸ್.5. ಕೆಳಗೆ ಬಿದ್ದ ವಿಮಾನದ ಬೆಲೆ ಅಲ್ಲೇ ಇರೋದಲ್ವಾ? 1929ರಲ್ಲಿ ಎಸ್.6, 1931ರಲ್ಲಿ ಎಸ್.6ಬಿ, ಕಪ್ ಬ್ರಿಟನ್‌ಗೇ ಆಯ್ತು.

ಎರಡು ವರ್ಷದ ಹಿಂದೆ ಮಗಳ ಮನೆಗೆ ಅಂತ ಹೋದಾಗ ಸೌತಾಂಪ್ಟನ್ನಿನ ಸೊಲೆಂಟ್ ಸ್ಕೈ ಮ್ಯೂಸಿಯಂನಲ್ಲಿ ಎಸ್.6ಎ ಪಕ್ಕ ನಿಂತು ನೋಡ್ದೆ. ಅಳಿಯಂದ್ರು ಕಾಫಿಗೆ ಎರಡು ಸಲ ಕರೆದ್ರು, ನಾನು ಬರ್ಲಿಲ್ಲ. ಬಾಡಿ ಪಕ್ಕದಲ್ಲಿ ಉದ್ದಕ್ಕೂ ಪಕ್ಕೆಲುಬಿನ ಥರ ಗೆರೆಗಳು, ಬಿಸಿ ಆಯಿಲ್ ಅದರೊಳಗೆ ಹರಿದು ಬಾಲದ ತನಕ ಹೋಗಿ ತಣ್ಣಗಾಗಿ ಬರೋದು. ಆ ತಗಡನ್ನ ಬಗ್ಗಿಸಿದ ಕೈ ಯಾರದ್ದೋ, ಒಂದು ಅಲೆ ಇಲ್ಲ ಒಂದು ಕುಳಿ ಇಲ್ಲ. ಮರದ ಎಸ್.4 ಮಾತ್ರ ಯಾವ ಮ್ಯೂಸಿಯಂನಲ್ಲೂ ಇಲ್ಲ, ಇದ್ದದ್ದೇ ಒಂದು, ಅದೂ ಹೋಯ್ತು. ಅದಕ್ಕೇ ಅದರ ಫೋಟೋನಾದ್ರೂ ಸರಿ ಇರ್ಲಿ ಅಂತ ನನ್ನ ಆಸೆ.

ತಿದ್ದುಪಡಿ ಹಾಕುವಾಗ ಹೀಗೆ ನೋಡಿ: ರೆಕ್ಕೆ ಬಾಡಿಯ ನಡುಮಧ್ಯದಿಂದ ಹೊರಟಿರ್ಬೇಕು, ಪೈಲಟ್ ರೆಕ್ಕೆಯಿಂದ ಸಾಕಷ್ಟು ಹಿಂದೆ ಕೂತಿರ್ಬೇಕು, ತಂತಿ ಒಂದೂ ಕಾಣ್ಬಾರ್ದು. ಕಂಡ್ರೆ ಇನ್ನೊಂದು ಫೋಟೋ ಹುಡುಕಿ.

ಇಂತಿ,
ನಿಮ್ಮ ಹಳೇ ಓದುಗ, ನಿವೃತ್ತ ಫಿಟ್ಟರ್
ಬೆಂಗಳೂರು