ಚಂಡೆಯ ತುಣುಕು, ಹಿಪ್‌ಹಾಪ್ ಹಾಡು: ತಕರಾರು ಯಾವುದಕ್ಕೆ?

ಮಾನ್ಯ ಸಂಪಾದಕರೇ,

ಯಕ್ಷಗಾನದ ಹಳೆಯ ಧ್ವನಿಮುದ್ರಣಗಳಿಂದ ಚಂಡೆ–ಮದ್ದಳೆಯ ತುಣುಕು ತೆಗೆದು ಹಿಪ್‌ಹಾಪ್ ಹಾಡು ಕಟ್ಟುವ ನಮ್ಮ ಜಿಲ್ಲೆಯ ಹುಡುಗರನ್ನು ಓದುಗರೊಬ್ಬರು ಇದೇ ಅಂಕಣದಲ್ಲಿ ‘ಕತ್ತರಿಸಿ ಅಂಟಿಸುವವರು’ ಎಂದು ಜರೆದಿದ್ದಾರೆ. ಅನುಮತಿ ಕೇಳದೆ ತೆಗೆಯುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ತುಣುಕಿನಿಂದ ಹಾಡು ಕಟ್ಟುವುದು ಕಸುಬೇ ಅಲ್ಲ ಎನ್ನುವುದನ್ನು ಒಪ್ಪಲಾಗದು.

1991ರ ಸೆಪ್ಟೆಂಬರ್‌ನಲ್ಲಿ ಬಂದ ಅಮೆರಿಕದ ಹಿಪ್‌ಹಾಪ್ ತಂಡ ‘ಅ ಟ್ರೈಬ್ ಕಾಲ್ಡ್ ಕ್ವೆಸ್ಟ್’ನ ‘ದ ಲೋ ಎಂಡ್ ಥಿಯರಿ’ ಆಲ್ಬಮ್ ಕೇಳಿ. ಮೊದಲ ಹಾಡಿನ ಬೇಸ್ ಮೂರರ ನಡೆಯ ಜಾಝ್ ತುಣುಕು. ಅದಕ್ಕೆ ಒಂದು ಎಣಿಕೆ ಸೇರಿಸಿ ನಾಲ್ಕರ ನಡೆಗೆ ಕೂಡಿಸಿದ್ದಾರೆ. ಇನ್ನೊಂದು ಹಾಡಿಗೆ ಜಾಝ್ ವಾದಕ ರಾನ್ ಕಾರ್ಟರ್ ಅವರನ್ನೇ ಕರೆಸಿ ಡಬಲ್ ಬೇಸ್ ನುಡಿಸಿಕೊಂಡಿದ್ದಾರೆ. ಆ ಕಾಲದಲ್ಲಿ ಹಲವರು ಬಳಸುತ್ತಿದ್ದ, ಧ್ವನಿಯ ತುಣುಕು ಹಿಡಿದಿಟ್ಟು ನುಡಿಸುವ ಎಸ್‌ಪಿ–1200 ಯಂತ್ರಕ್ಕೆ ಒಟ್ಟು ಹಿಡಿಯುತ್ತಿದ್ದದ್ದು ಸುಮಾರು 10 ಸೆಕೆಂಡ್ ಧ್ವನಿ, ಅದೂ ಕಡಿಮೆ ಸೂಕ್ಷ್ಮತೆಯ 12 ಬಿಟ್‌ನಲ್ಲಿ. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿ, ಆಮೇಲೆ ಯಂತ್ರದಲ್ಲಿ ವೇಗ ಇಳಿಸುತ್ತಿದ್ದರು. ಆ ಕಾಲದ ಹಾಡುಗಳ ದೊರಗು ನಾದ ಹುಟ್ಟಿದ್ದೇ ಹಾಗೆ.

ನಮ್ಮಲ್ಲೂ ಅದೇ ಲೆಕ್ಕ. ಏಳು ಅಕ್ಷರದ (ಎಣಿಕೆಯ) ತ್ರಿವುಡೆ ತಾಳವನ್ನು ಎಂಟು ಎಣಿಕೆಯ ಬೀಟಿನ ಮೇಲೆ ಹಾಗೇ ಸುತ್ತಲು ಬಿಟ್ಟರೆ ಪ್ರತಿ ಆವರ್ತಕ್ಕೂ ಒಂದು ಅಕ್ಷರ ಮುಂಚೆ ಬರುತ್ತದೆ, ಮಾತು ಹೇಳುವವನಿಗೆ ಹಿಡಿತ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಎಳೆದು ಎಂಟಕ್ಕೆ ಹಿಗ್ಗಿಸಿದರೆ ಚಂಡೆಪೆಟ್ಟಿನ ಮೊನೆಯೇ ಸವೆದುಹೋಗುತ್ತದೆ. ಏಳನ್ನು ಮುಟ್ಟದೆ, ಎಂಟನೆಯ ಜಾಗವನ್ನು ಖಾಲಿ ಬಿಡಬೇಕು, ಇಲ್ಲವೇ ಮದ್ದಳೆಯ ಒಂದು ಪೆಟ್ಟು ಇಡಬೇಕು. ಈ ಒಂದು ಪೆಟ್ಟನ್ನು ಎಲ್ಲಿಡಬೇಕೆಂದು ಗೊತ್ತಿರುವವರನ್ನು ಅಂಟಿಸುವವರು ಎನ್ನಬೇಡಿ.

ಬೇಸ್‌ನಲ್ಲೇ ಹೆಚ್ಚು ಜನ ಎಡವುವುದು. ಭಾಗವತರ ಶ್ರುತಿ ಕಪ್ಪು ಒಂದಾದರೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) 808 ಎಂಬ ಡ್ರಮ್ ಯಂತ್ರದ ಬೇಸನ್ನೂ ಅದಕ್ಕೇ, ಅಂದರೆ ಸುಮಾರು 69 ಹರ್ಟ್ಸ್‌ಗೆ ಕೂರಿಸಬೇಕು. ಅರ್ಧ ಸ್ವರ ಆಚೀಚೆಯಾದರೂ ಪದ್ಯವೇ ಅಪಸ್ವರದಂತೆ ಕೇಳುತ್ತದೆ. 69 ಹರ್ಟ್ಸ್ ಮೊಬೈಲ್ ಸ್ಪೀಕರಿನಲ್ಲಿ ಹೆಚ್ಚುಕಡಿಮೆ ಬರುವುದೇ ಇಲ್ಲ. ಹಾಗೆಂದು ವಾಲ್ಯೂಮ್ ಏರಿಸಿದರೆ ಜಾತ್ರೆಯ ದೊಡ್ಡ ಸ್ಪೀಕರಿನಲ್ಲಿ ಬರೀ ಗುಂಯ್ ಎನ್ನುತ್ತದೆ. ತುಸು ಸ್ಯಾಚುರೇಷನ್ (ನಾದವನ್ನು ಬೇಕೆಂದೇ ಸ್ವಲ್ಪ ಒಡೆಯಿಸುವುದು) ಕೊಟ್ಟು 138, 207 ಹರ್ಟ್ಸ್‌ನ ಮೇಲುನಾದ ಎಬ್ಬಿಸಿದರೆ ಮೊಬೈಲಿನಲ್ಲೂ ಕಿವಿ ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ.

ಇಷ್ಟಕ್ಕೂ ಕರಾವಳಿಯಲ್ಲಿ ಗುಮಟೆ ವಾದ್ಯ ಇರುವಾಗ ಯಂತ್ರದ ಬೇಸ್ ಒಂದೇ ಯಾಕೆ? ಮಣ್ಣಿನ ಗಡಿಗೆಯ ಒಂದು ಕಡೆ ಚರ್ಮ, ಇನ್ನೊಂದು ಕಡೆ ಬಾಯಿ. ಅಂಗೈಯಿಂದ ಬಾಯಿ ಮುಚ್ಚಿ ತೆರೆದರೆ ನಾದ ಜಾರುತ್ತದೆ. ಚರ್ಮಕ್ಕೊಂದು, ಬಾಯಿಗೊಂದು ಮೈಕ್ ಇಡಿ. ಎರಡನ್ನೂ ಕೂಡಿಸಿದಾಗ ಬೇಸ್ ಮಾಯವಾದರೆ ಮೈಕ್ ಕೆಟ್ಟಿಲ್ಲ: ಚರ್ಮ ಒಳಗೆ ಹೋದಾಗ ಬಾಯಿಯಿಂದ ಗಾಳಿ ಹೊರಗೆ ಬರುವುದರಿಂದ ಎರಡೂ ತದ್ವಿರುದ್ಧವಾಗಿ ಕಳೆದುಹೋಗುತ್ತವೆ. ಒಂದರ ಪೊಲಾರಿಟಿ, ಅಂದರೆ ಧ್ವನಿತರಂಗದ ಮೇಲು–ಕೆಳಗು, ತಿರುಗಿಸಿದರೆ ಸಾಕು. ಚಂಡೆಗೆ ಮೈಕ್ ನಾಲ್ಕೈದು ಅಡಿ ದೂರವಿರಲಿ, ಜೋರು ಪೆಟ್ಟು ಮುದ್ರಣದ ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ದಾಟದಿರಲಿ. ಮಳೆಗಾಲದಲ್ಲಿ ಧ್ವನಿ ಮುದ್ರಿಸಬೇಡಿ, ಥಂಡಿಗೆ ಚರ್ಮ ಸಡಿಲವಾಗಿ ಬೆಳಿಗ್ಗೆಯ ತುಣುಕಿಗೂ ಸಂಜೆಯ ತುಣುಕಿಗೂ ಶ್ರುತಿ ಕೂಡುವುದಿಲ್ಲ. ದೀಪಾವಳಿ ಕಳೆಯಲಿ.

ಹಳೆಯ ತುಣುಕು ತೆಗೆಯುವ ಬದಲು ಹೀಗೆ ಹೊಸದಾಗಿ ಮುದ್ರಿಸಿ ಎನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 1991ರ ಡಿಸೆಂಬರ್‌ನಲ್ಲಿ ಹಿಪ್‌ಹಾಪ್ ಗಾಯಕ ಬಿಜ್ ಮಾರ್ಕಿ ಅವರ ಹಾಡಿನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅನುಮತಿಯಿಲ್ಲದೆ ತೆಗೆದ ಧ್ವನಿಯ ತುಣುಕನ್ನು ಕಳ್ಳತನವೆಂದೇ ಕಂಡಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. ಪ್ರಸಂಗದ ಪದ್ಯ ಶತಮಾನದಷ್ಟು ಹಳೆಯದಿರಬಹುದು, ಆದರೆ ಅದನ್ನು ಹಾಡಿದ 1985ರ ಕ್ಯಾಸೆಟ್ಟಿನ ಹಕ್ಕು 2045ರ ಕೊನೆಯವರೆಗೂ ಇದೆ. ‘ಎರಡೇ ಸೆಕೆಂಡ್ ತಾನೇ’ ಎಂಬ ವಿನಾಯಿತಿ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಆದ್ದರಿಂದ ಈ ಹುಡುಗರಲ್ಲಿ ಕೋರಿಕೆ: ಚಂಡೆಯವರನ್ನೂ ಗುಮಟೆಯವರನ್ನೂ ಮನೆಗೆ ಹೋಗಿ ಕೇಳಿ. ಒಂದೇ ಸಲದ ಸಂಭಾವನೆಯೋ, ಗಳಿಕೆಯಲ್ಲಿ ಪಾಲೋ ಎಂಬುದನ್ನು ಮುದ್ರಣಕ್ಕೆ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಹಾಡಿನ ಜೊತೆ ಅವರ ಹೆಸರು, ಊರು ಹಾಕಿ. ಪತ್ರಿಕೆಯೂ ಇಂಥ ಆಲ್ಬಮ್‌ಗಳ ಬಗ್ಗೆ ಬರೆಯುವಾಗ ಚಂಡೆ ನುಡಿಸಿದವರು ಯಾರೆಂದು ಕೇಳಿ ಅಚ್ಚು ಹಾಕಲಿ.

— ಧ್ವನಿಮುದ್ರಣದ ಕೆಲಸದಲ್ಲಿರುವ ಕೆಲವು ಓದುಗರು, ಕುಮಟಾ